ಪಗಾರದವರು, ಮೇಸ್ತ್ರಿ, ಫ್ರೀಲಾನ್ಸರ್: ಸಣ್ಣ ಸಂಸ್ಥೆ ಯಾರ ಜೊತೆ ಎಂಥ ಕರಾರು ಮಾಡಿಕೊಳ್ಳಬೇಕು?

ಶೆಡ್‌ಮಾಲೀಕ

ನಮ್ಮದು ಇಂಟೀರಿಯರ್ ಕೆಲಸ, ಪ್ರೊಪ್ರೈಟರ್‌ಶಿಪ್. ಸೂಪರ್‌ವೈಸರ್, ಡಿಸೈನರ್, ಮಷೀನ್‌ನವರು, ಅಕೌಂಟ್ಸ್ ಎಲ್ಲ ಸೇರಿ ಪಗಾರಕ್ಕೆ 14 ಜನ. ಒಬ್ಬ ಬಡಗಿ ಮೇಸ್ತ್ರಿ ತನ್ನ 8 ಜನರ ಜೊತೆ ವರ್ಷವಿಡೀ ನಮ್ಮ ಸೈಟ್‌ಗಳಲ್ಲೇ ಇರುತ್ತಾನೆ. ವೈರಿಂಗ್ ಒಬ್ಬ ಎಲೆಕ್ಟ್ರಿಕಲ್ ಕಂಟ್ರಾಕ್ಟರ್‌ದು, 3ಡಿ ವ್ಯೂ ಒಬ್ಬ ಫ್ರೀಲಾನ್ಸರ್‌ದು. ಇಲ್ಲಿಯವರೆಗೆ ಎಲ್ಲ ಬಾಯಿಮಾತು, ಇಲ್ಲವೇ ವಾಟ್ಸ್‌ಆಪ್.

ಎಲ್ಲರಿಗೂ ಒಂದೇ ಅಗ್ರಿಮೆಂಟ್ ಮಾಡಿಸಲು ಒಂದು ನಮೂನೆ ಇಟ್ಟುಕೊಂಡಿದ್ದೇನೆ. ಅದರ ಮುಖ್ಯ ಷರತ್ತುಗಳು: ಬಿಟ್ಟ ಮೇಲೆ 3 ವರ್ಷ ಇದೇ ಧಂದೆ ಮಾಡಬಾರದು, ಮಾಡಿದರೆ 5 ಲಕ್ಷ ದಂಡ, ಮೂಲ ಅಂಕಪಟ್ಟಿ ನಮ್ಮ ಬಳಿ, ಒಂದು ಖಾಲಿ ಚೆಕ್. ಇಷ್ಟು ಸಾಕಾ, ಇನ್ನೇನಾದರೂ ಸೇರಿಸಬೇಕಾ?

ಕರಡುಪ್ರತಿ

ಸೇರಿಸುವ ಮಾತು ಆಮೇಲೆ. ಮೊದಲು ಆ ನಾಲ್ಕನ್ನೂ ತೆಗೆಯಿರಿ.

ಬಿಟ್ಟ ಮೇಲೆ ಅದೇ ಧಂದೆ ಮಾಡಬಾರದು ಎಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಅನೂರ್ಜಿತ. ಮೂರು ವರ್ಷ ಜಾಸ್ತಿಯಾಯಿತು ಅಂತ ಆರು ತಿಂಗಳಿಗೆ ಇಳಿಸಿದರೂ ಅದಕ್ಕೆ ಜೀವ ಬರುವುದಿಲ್ಲ. ಕೆಲಸದಲ್ಲಿ ಇರುವಷ್ಟು ದಿನ ಬೇರೆಯವರಿಗೆ ದುಡಿಯಬಾರದು ಅನ್ನುವುದು ನಿಲ್ಲುತ್ತದೆ. 1967ರ ಗೋಲಿಕಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿದಿದೆ. ಅವಧಿ ಮುಗಿದ ಮೇಲಿನ ನಿರ್ಬಂಧ ನಿಲ್ಲದು ಅನ್ನುವುದಕ್ಕೆ 2006ರ ಪರ್ಸೆಪ್ಟ್ ಡಿಮಾರ್ಕ್ ಪ್ರಕರಣ ಸಾಕು. ಅಲ್ಲಿ ಎದುರು ಪಕ್ಷ ಕ್ರಿಕೆಟಿಗ ಝಹೀರ್ ಖಾನ್.

5 ಲಕ್ಷದ ದಂಡದ ವಿಷಯ. ಅದೇ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ನೀವು ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಆ ಮಿತಿಯೊಳಗೆ ಕೋರ್ಟ್ ಸಮಂಜಸ ಅನಿಸಿದಷ್ಟು ಪರಿಹಾರ ಕೊಡಿಸುತ್ತದೆ. ನಷ್ಟವನ್ನು ಲೆಕ್ಕ ಹಾಕಿ ತೋರಿಸಲು ಸಾಧ್ಯವಿದ್ದರೆ ತೋರಿಸಲೇಬೇಕು ಎಂದು 2015ರ ಕೈಲಾಶ್ ನಾಥ್ ತೀರ್ಪು ಸ್ಪಷ್ಟಪಡಿಸಿದೆ. ಗುಂಡಾಗಿ ಒಂದು ದೊಡ್ಡ ಅಂಕಿ ಬರೆದವರಿಗೆ ಕೊನೆಗೆ ಸಿಗುವುದು ವಕೀಲರ ಬಿಲ್ ಒಂದೇ.

ಮೂಲ ಅಂಕಪಟ್ಟಿಯನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಮಾಲೀಕನಿಗಿಲ್ಲ. ಮೂಲ ನೋಡಿ, ಪ್ರತಿಯ ಮೇಲೆ 'ಮೂಲದೊಂದಿಗೆ ತಾಳೆ ನೋಡಿದೆ' ಅಂತ ದಿನಾಂಕ ಹಾಕಿ ಸಹಿ ಮಾಡಿ, ಅಲ್ಲೇ ವಾಪಸ್ ಕೊಡಿ. ಖಾಲಿ ಚೆಕ್ ಬ್ಯಾಂಕಿಗೆ ಹಾಕಿದ ದಿನ ಅಷ್ಟು ಬಾಕಿ ನಿಜವಾಗಿ ಇಲ್ಲದಿದ್ದರೆ ಚೆಕ್ ಬೌನ್ಸ್ ಕೇಸ್ ನಿಲ್ಲುವುದಿಲ್ಲ, ನಿಮ್ಮ ಮೇಲೆಯೇ ದೂರು ಬರುವ ದಾರಿಯಾಗುತ್ತದೆ.

ಕೊನೆಯದಾಗಿ, ಎಲ್ಲರಿಗೂ ಒಂದೇ ಅಗ್ರಿಮೆಂಟ್ ಅನ್ನುವುದೇ ತಪ್ಪು ದಾರಿ. ನೌಕರನಿಗೆ ನೇಮಕಾತಿ ಪತ್ರ, ಮೇಸ್ತ್ರಿಗೆ ಮತ್ತು ಎಲೆಕ್ಟ್ರಿಕಲ್‌ನವರಿಗೆ ಒಂದು ಮೂಲ ಕರಾರು ಹಾಗೂ ಪ್ರತಿ ಸೈಟಿಗೆ ವರ್ಕ್ ಆರ್ಡರ್ (ಆ ಸೈಟಿನ ಕೆಲಸ, ದರ ಬರೆದ ಆದೇಶ), ಫ್ರೀಲಾನ್ಸರ್‌ಗೆ ಹಕ್ಕು ವರ್ಗಾವಣೆ ಇರುವ ಸೇವಾ ಕರಾರು. ಕಾಗದ ಮೂರು ಬಗೆ, ಏಕೆಂದರೆ ಅಪಾಯ ಮೂರು ಬಗೆ.

ಪಗಾರಪಟ್ಟಿ

ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು 14 ಮತ್ತು 8. ಕೂಡಿಸಿದರೆ 22. ಪಿಎಫ್ (ಭವಿಷ್ಯನಿಧಿ) ಕಡ್ಡಾಯವಾಗುವ 20 ಜನರ ಲೆಕ್ಕ ಹಾಕುವಾಗ ಕಂಟ್ರಾಕ್ಟರ್ ಮೂಲಕ ಬಂದು ನಿಮ್ಮ ಸಂಸ್ಥೆಯ ಕೆಲಸ ಮಾಡುವವರೂ ನೌಕರರೇ. '14 ಜನ ಅಷ್ಟೇ, ಪಿಎಫ್ ಬೇಡ' ಅಂದುಕೊಂಡಿದ್ದರೆ ಇವತ್ತೇ ಲೆಕ್ಕ ನೋಡಿಸಿ. ತಡವಾದ ಹಣಕ್ಕೆ ವರ್ಷಕ್ಕೆ ಶೇ 12 ಬಡ್ಡಿ, ಅದರ ಮೇಲೆ ದಂಡ ಬೇರೆ. ಇಎಸ್‌ಐಗೆ (ನೌಕರರ ರಾಜ್ಯ ವಿಮೆ) ಮಿತಿ 10 ಜನ, ಸಂಬಳ ತಿಂಗಳಿಗೆ 21,000 ರೂ. ಒಳಗಿನವರಿಗೆ, ಮಾಲೀಕನ ಪಾಲು ಶೇ 3.25, ನೌಕರನದು ಶೇ 0.75.

ಮೇಸ್ತ್ರಿ ಕಟ್ಟದಿದ್ದರೆ ಎರಡೂ ಇಲಾಖೆ ಬರುವುದು ನಿಮ್ಮ ಬಾಗಿಲಿಗೆ, ಯಾಕೆಂದರೆ ಮುಖ್ಯ ಮಾಲೀಕ ನೀವು. ಕಟ್ಟಿ, ಆಮೇಲೆ ಮೇಸ್ತ್ರಿಯ ಬಿಲ್ಲಿನಿಂದ ಹಿಡಿಯಬಹುದು. ಹಾಗಾಗಿ 'ಪಿಎಫ್, ಇಎಸ್‌ಐ ಜವಾಬ್ದಾರಿ ಕಂಟ್ರಾಕ್ಟರ್‌ದು' ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಲು ಬರುವುದಿಲ್ಲ. ಹಿಡಿಯಲು ಆ ಹೊತ್ತಿಗೆ ಬಿಲ್ ಬಾಕಿ ಇರಬೇಕಲ್ಲ!

ಇನ್ನೊಂದು. 2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ ತಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 10 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕಡ್ಡಾಯ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಇದು ನಮೂನೆ 'ಕ್ಯೂ' ರೂಪದಲ್ಲಿ ಮೊದಲಿನಿಂದಲೂ ಇದ್ದದ್ದೇ, ಕೊಡುವವರು ಕಡಿಮೆ. ಬಾಯಿಮಾತಿನ ನೇಮಕದಲ್ಲಿ ಜಗಳ ಬಂದರೆ ಸಂಬಳ ಎಷ್ಟು, ಸೇರಿದ್ದು ಯಾವಾಗ ಅನ್ನುವುದಕ್ಕೆ ನೌಕರ ಹೇಳಿದ್ದೇ ಆರಂಭದ ಅಂಕಿ. ಅದನ್ನು ಸುಳ್ಳು ಅಂತ ತೋರಿಸುವ ಕಾಗದ ನಿಮ್ಮಲ್ಲಿ ಇರುವುದಿಲ್ಲ.

ಶೆಡ್‌ಮಾಲೀಕ

ಮೇಸ್ತ್ರಿಯ ಕರಾರಿನಲ್ಲಿ 'ಇವರು ಯಾರೂ ನಮ್ಮ ನೌಕರರಲ್ಲ, ಸ್ವತಂತ್ರ ಕಂಟ್ರಾಕ್ಟರ್' ಅಂತ ದಪ್ಪಕ್ಷರದಲ್ಲಿ ಹಾಕಿದರೆ?

ಕರಡುಪ್ರತಿ

ಹಾಕಿ, ತಪ್ಪಿಲ್ಲ. ಆದರೆ ಕೋರ್ಟ್ ನೋಡುವುದು ಹಣೆಪಟ್ಟಿಯನ್ನಲ್ಲ, ನಡವಳಿಕೆಯನ್ನು. ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಪ್ರಕರಣ ಓದಿ. ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದ ದರ್ಜಿಗಳು ಅಂಗಡಿಯ ಹೊಲಿಗೆ ಯಂತ್ರದಲ್ಲೇ ಹೊಲಿಯುತ್ತಿದ್ದರು. ಸರಿಯಿಲ್ಲದ ಬಟ್ಟೆಯನ್ನು ತಿರಸ್ಕರಿಸಿ ಮತ್ತೆ ಹೊಲಿಸುವ ಅಧಿಕಾರ ಮಾಲೀಕನಿಗಿತ್ತು. ಸುಪ್ರೀಂ ಕೋರ್ಟ್ ಅವರನ್ನು ನೌಕರರು ಅಂತಲೇ ಹೇಳಿತು.

ನಿಮ್ಮ ಮೇಸ್ತ್ರಿಗೆ ಅದೇ ಅಳತೆ ಇಟ್ಟು ನೋಡಿ. ಗರಗಸ, ಡ್ರಿಲ್, ಕಟ್ಟರ್ ಯಾರದು? ಯಾವ ಬಡಗಿ ಯಾವ ಸೈಟಿಗೆ ಹೋಗಬೇಕು ಅಂತ ಬೆಳಿಗ್ಗೆ ಹೇಳುವವರು ನಿಮ್ಮ ಸೂಪರ್‌ವೈಸರ್ರೋ, ಮೇಸ್ತ್ರಿಯೋ? ರಜೆ ಕೇಳುವುದು ಯಾರನ್ನು? ಕೂಲಿ ದಿನದ ಲೆಕ್ಕವೋ, ಚದರಡಿ ಲೆಕ್ಕವೋ? ಬೇರೆಯವರ ಕೆಲಸ ಹಿಡಿಯುವ ಸ್ವಾತಂತ್ರ್ಯ ಅವನಿಗೆ ಇದೆಯೇ? ವರ್ಷವಿಡೀ ನಿಮ್ಮಲ್ಲೇ, ದಿನಗೂಲಿ, ನಿಮ್ಮ ಉಪಕರಣ, ನಿಮ್ಮ ಹಾಜರಿ ಪುಸ್ತಕ ಅಂತಾದರೆ ದಪ್ಪಕ್ಷರ ಏನೂ ಮಾಡುವುದಿಲ್ಲ.

ದಾರಿ ಎರಡು. ನಿಜವಾಗಿ ಕಂಟ್ರಾಕ್ಟ್ ಆಗಿ ನಡೆಸಿ: ಅಳತೆಯ ಮೇಲೆ ದರ, ಅವನದೇ ಉಪಕರಣ, ಅವನದೇ ಹಾಜರಿ, ಆಜ್ಞೆ ಏನಿದ್ದರೂ ಮೇಸ್ತ್ರಿಗೆ, ಅವನ ಹುಡುಗರಿಗಲ್ಲ. ಇಲ್ಲವೇ ಕಾಯಂ ಬೇಕಾದ ನಾಲ್ಕು ಜನರನ್ನು ಪಗಾರಕ್ಕೆ ತಗೊಂಡುಬಿಡಿ. ನಡುವಿನ ಅಡ್ಡಗೋಡೆಯ ಮೇಲೆ ಕೂರುವುದೇ ದುಬಾರಿ.

ಪಗಾರಪಟ್ಟಿ

ಇದಕ್ಕೆ ಸೇರಿಸಿ: 'ಕಂಟ್ರಾಕ್ಟ್ ಲೇಬರ್ ಲೈಸೆನ್ಸಿನ ಮಿತಿ 50 ಜನಕ್ಕೆ ಏರಿದೆ, ನಮಗೆ ಏನೂ ಇಲ್ಲ' ಅನ್ನುವ ಮಾತು ಈಗ ಓಡಾಡುತ್ತಿದೆ. ಮಿತಿ 20ರಿಂದ 50ಕ್ಕೆ ಏರಿರುವುದು ನಿಜ. ಆದರೆ ಕೂಲಿ ಬಾಕಿ, ಪಿಎಫ್, ಇಎಸ್‌ಐ, ಅಪಘಾತ ಪರಿಹಾರದ ಹೊಣೆ ಆ 50ಕ್ಕೆ ಕಟ್ಟಿದ್ದಲ್ಲ.

ಅಪಘಾತದ್ದೇ ಇವುಗಳಲ್ಲಿ ದೊಡ್ಡದು. ನಿಮ್ಮ ಧಂದೆಯ ಭಾಗವಾದ ಕೆಲಸವನ್ನು ಕಂಟ್ರಾಕ್ಟರ್‌ಗೆ ಕೊಟ್ಟಾಗ ಅವನ ಕೆಲಸಗಾರನಿಗೆ ಪೆಟ್ಟಾದರೆ, ಪರಿಹಾರವನ್ನು ನಿಮ್ಮಿಂದಲೇ ಕೇಳಬಹುದು. ನೀವು ಕೊಟ್ಟು ಕಂಟ್ರಾಕ್ಟರ್‌ನಿಂದ ವಸೂಲಿ ಮಾಡಿಕೊಳ್ಳಬೇಕು. ಇಎಸ್‌ಐ ಒಳಗೆ ಬರುವವರಿಗೆ ಅಲ್ಲಿಂದ ಸಿಗುತ್ತದೆ. ಬರದವರಿಗೆ ವರ್ಕ್‌ಮೆನ್ ಕಾಂಪೆನ್ಸೇಷನ್ ಪಾಲಿಸಿ ಬೇಕು. ಪಾಲಿಸಿ ತೆಗೆಸುವಾಗ ಎರಡು ಕಡೆ ಎಡವುತ್ತಾರೆ: ಕಂಟ್ರಾಕ್ಟರ್‌ನ ಕೆಲಸಗಾರರನ್ನು ಸೇರಿಸುವ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಅಂಟಿಸುವ ಹೆಚ್ಚುವರಿ ಷರತ್ತು) ಕೇಳುವುದಿಲ್ಲ, ಆಸ್ಪತ್ರೆ ಖರ್ಚಿನ ಕವರ್ ಬೇರೆಯಾಗಿ ಸೇರಿಸುವುದಿಲ್ಲ. ಪಾಲಿಸಿಯಲ್ಲಿ ಬರೆದ ಜನಸಂಖ್ಯೆ, ಕೂಲಿ ಮೊತ್ತ ನಿಜಕ್ಕಿಂತ ಕಡಿಮೆ ಇದ್ದರೆ ಕ್ಲೇಮ್ ಸಮಯದಲ್ಲಿ ತಕರಾರು ಖಚಿತ.

ಸೈಟ್‌ಬಿಲ್

ವರ್ಕ್ ಆರ್ಡರ್ ಬಗ್ಗೆ ನಾನು ಹೇಳುತ್ತೇನೆ. ಸಬ್ ಕಂಟ್ರಾಕ್ಟರ್ ಜೊತೆಗಿನ ಜಗಳದಲ್ಲಿ ಬಹುಪಾಲು ಹುಟ್ಟುವುದು ಅಳತೆಯಲ್ಲಿ ಮತ್ತು 'ಇದು ನನ್ನ ಕೆಲಸದಲ್ಲಿ ಸೇರಿಲ್ಲ' ಅನ್ನುವಲ್ಲಿ. 27ನೇ ಕಲಂ, 74ನೇ ಕಲಂ ಎಲ್ಲ ಅದಾದ ಮೇಲೆ.

'ವಾರ್ಡ್‌ರೋಬ್ ಕೆಲಸ, ಚದರಡಿಗೆ ಇಷ್ಟು' ಅಂತ ಬರೆದರೆ ಆಗದು. ಮುಂಭಾಗದ ಅಳತೆಯೋ, ಶಟರ್ ಮಾತ್ರವೋ, ಒಳಗಿನ ಕಪಾಟಿನ ಹಲಗೆಯೂ ಸೇರಿತೋ? ಲಾಫ್ಟ್ ಬೇರೆಯೋ? ಹಿಂಜ್, ಚಾನೆಲ್ ಕೂರಿಸುವ ಕೂಲಿ ಸೇರಿದೆಯೇ? ಲ್ಯಾಮಿನೇಟ್ ಅಂಟಿಸುವಾಗ ಹಾಳಾದ ಹಾಳೆ ಯಾರ ಲೆಕ್ಕಕ್ಕೆ? ಒಂದು ಸಾಲು ಹೀಗಿರಲಿ:

"ದರವು ವಾರ್ಡ್‌ರೋಬ್‌ನ ಮುಂಭಾಗದ ಎತ್ತರ × ಅಗಲದ ಮೇಲೆ. ಒಳಗಿನ ಹಲಗೆ, ಡ್ರಾಯರ್ 2, ಹಿಂಜ್ ಮತ್ತು ಚಾನೆಲ್ ಕೂರಿಸುವುದು, ಎಡ್ಜ್ ಬ್ಯಾಂಡ್, ಅಂತಿಮ ಸ್ವಚ್ಛತೆ ಇದರಲ್ಲಿ ಸೇರಿವೆ. ಲಾಫ್ಟ್‌ನ ಅಳತೆ ಬೇರೆ. ಮಾಲೀಕರು ಕೊಟ್ಟ ಪ್ಲೈ ಮತ್ತು ಲ್ಯಾಮಿನೇಟ್‌ನಲ್ಲಿ ಶೇ 8ಕ್ಕಿಂತ ಹೆಚ್ಚಿನ ವ್ಯರ್ಥವನ್ನು ಖರೀದಿ ಬೆಲೆಯಲ್ಲಿ ಬಿಲ್ಲಿನಿಂದ ಕಳೆಯಲಾಗುವುದು."

ಶೇ 8 ಅನ್ನುವುದು ಉದಾಹರಣೆ. ಡ್ರಾಯಿಂಗ್‌ನ ಕಟಿಂಗ್ ಲಿಸ್ಟ್ ಹಾಕಿ ನಿಮ್ಮ ಅಂಕಿ ಹುಡುಕಿಕೊಳ್ಳಿ, ಮೇಸ್ತ್ರಿ ಎದುರಿಗೇ. ಡ್ರಾಯಿಂಗ್‌ಗೆ ಸಂಖ್ಯೆ, ಪರಿಷ್ಕರಣೆ ಸಂಖ್ಯೆ, ದಿನಾಂಕ ಇರಲಿ, ಅದೇ ಸಂಖ್ಯೆ ವರ್ಕ್ ಆರ್ಡರ್‌ನಲ್ಲೂ ಬರಲಿ.

ಹೆಚ್ಚುವರಿ ಕೆಲಸಕ್ಕೆ ಒಂದೇ ನಿಯಮ: ಶುರು ಮಾಡುವ ಮೊದಲು ದರ ಒಪ್ಪಿದ ಬರಹ. ವಾಟ್ಸ್‌ಆಪ್ ಸಾಕು, ಆದರೆ ಕರಾರಿನಲ್ಲಿ ಯಾವ ಎರಡು ನಂಬರ್‌ಗಳಿಂದ ಬಂದ ಒಪ್ಪಿಗೆ ಮಾತ್ರ ನಡೆಯುತ್ತದೆ ಅಂತ ಬರೆದಿರಬೇಕು. ಇಲ್ಲದಿದ್ದರೆ ಸೈಟಿನಲ್ಲಿದ್ದ ಯಾರೋ 'ಮಾಡಿ ಮಾಡಿ' ಅಂದದ್ದೇ ಆರ್ಡರ್ ಆಗುತ್ತದೆ.

ಅಳತೆ ಪುಸ್ತಕದಲ್ಲಿ ಎರಡೂ ಕಡೆಯ ಸಹಿ. ಫಾಲ್ಸ್ ಸೀಲಿಂಗ್ ಮುಚ್ಚುವ ಮೊದಲು ಒಳಗಿನ ವೈರಿಂಗ್, ಪೈಪಿನ ಅಳತೆ ಮತ್ತು ಟೇಪ್ ಕಾಣುವಂತೆ ಫೋಟೊ. ಮುಚ್ಚಿದ ಮೇಲೆ ಯಾರು ಹೇಳಿದ್ದೂ ನಿಜವೇ.

ಲೆಕ್ಕದಪುಸ್ತಕ

ಸೈಟ್‌ಬಿಲ್ ಅವರು ಬಿಟ್ಟ ಕಡೆಯಿಂದ. ಕರಾರು ನಿಮ್ಮನ್ನು ಕಾಯುವುದು ಹಣ ನಿಮ್ಮ ಕೈಯಲ್ಲಿ ಇರುವಾಗ ಮಾತ್ರ. ಆದ್ದರಿಂದ ಯಾವ ಹಣ ಯಾವಾಗ, ಯಾವ ಕಾಗದ ಬಂದ ಮೇಲೆ ಬಿಡುಗಡೆ ಅನ್ನುವ ಷರತ್ತೇ ಮುಖ್ಯ. ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ವೈಯಕ್ತಿಕ ಹೆಸರಿನಲ್ಲಿ ಜಿಎಸ್‌ಟಿ ನೋಂದಣಿ ಇರುವವರು, ಮುಂಗಡ 80,000 ರೂ. ಕೊಟ್ಟಾಗಲೇ ಶೇ 1 ಟಿಡಿಎಸ್ (ಕೊಡುವವರೇ ಹಿಡಿದು ಕಟ್ಟುವ ಆದಾಯ ತೆರಿಗೆ) ಕಡಿತವಾಗಿದೆ ಅಂದುಕೊಳ್ಳಿ. ಮೊದಲ ಬಿಲ್ ಹೀಗೆ:

ಅಳತೆಯಂತೆ ಕೆಲಸ 2,00,000
ರಿಟೆನ್ಷನ್ (ಕೆಲಸದ ದೋಷಕ್ಕೆ ಭದ್ರತೆಯಾಗಿ ತಡೆಹಿಡಿದ ಹಣ) ಶೇ 5 ಕಳೆ 10,000
ಮುಂಗಡ ವಸೂಲಿ ಕಳೆ 40,000
ಟಿಡಿಎಸ್ ಶೇ 1, ಉಳಿದ 1,60,000ದ ಮೇಲೆ, ಕಳೆ 1,600
ಈಗ ಪಾವತಿ 1,48,400
ಜಿಎಸ್‌ಟಿ ಶೇ 18, ಅಂದರೆ 36,000, ಜಿಎಸ್‌ಟಿಆರ್-2ಬಿಯಲ್ಲಿ (ಜಿಎಸ್‌ಟಿ ಪೋರ್ಟಲ್ ತೋರಿಸುವ ನಿಮ್ಮ ಕ್ರೆಡಿಟ್ ಪಟ್ಟಿ) ಕಂಡ ಮೇಲೆ

ಟಿಡಿಎಸ್ ಹಿಡಿಯುವುದು ಪಾವತಿ ಅಥವಾ ಲೆಕ್ಕಕ್ಕೆ ಜಮೆ, ಯಾವುದು ಮೊದಲೋ ಆಗ. ಅದಕ್ಕೇ ಮುಂಗಡಕ್ಕೂ ಹಿಡಿಯಬೇಕು, ಬಿಲ್‌ನಲ್ಲಿ ಆ ಭಾಗಕ್ಕೆ ಮತ್ತೆ ಹಿಡಿಯಬಾರದು. ಬಿಲ್ಲಿನಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ಅದರ ಮೇಲೆ ಟಿಡಿಎಸ್ ಇಲ್ಲ. ಪಾಲುದಾರಿಕೆ ಸಂಸ್ಥೆ, ಕಂಪನಿ ಆದರೆ ದರ ಶೇ 2. ಒಂದು ಬಿಲ್ 30,000 ಅಥವಾ ವರ್ಷದ ಒಟ್ಟು 1 ಲಕ್ಷ ದಾಟಿದರೆ ಅನ್ವಯ. ಹಳೆ ಕರಾರುಗಳಲ್ಲಿ ಟಿಡಿಎಸ್‌ಗೆ 194ಸಿ ಅಂತ ಕಲಂ ಸಂಖ್ಯೆ ಬರೆದಿರುತ್ತಾರೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ 2026ರ ಏಪ್ರಿಲ್ 1ರಿಂದ ಸಂಖ್ಯೆಗಳೇ ಬೇರೆ. 'ಅನ್ವಯಿಸುವ ಟಿಡಿಎಸ್ ಕಳೆದು' ಅಂತ ಬರೆದರೆ ಮುಗಿಯಿತು.

ಜಿಎಸ್‌ಟಿಯನ್ನು 2ಬಿಗೆ ಕಟ್ಟುವುದೇಕೆಂದರೆ, ಅವರು ರಿಟರ್ನ್ ಹಾಕದಿದ್ದರೆ ನಿಮಗೆ ಇನ್‌ಪುಟ್ ಕ್ರೆಡಿಟ್ (ಕೊಟ್ಟ ಜಿಎಸ್‌ಟಿಯನ್ನು ನಿಮ್ಮ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಅವಕಾಶ) ಇಲ್ಲ. ಹಾಗಂತ ವರ್ಷಗಟ್ಟಲೆ ಹಿಡಿದಿಡಬೇಡಿ: ಇನ್‌ವಾಯ್ಸ್ ದಿನಾಂಕದಿಂದ 180 ದಿನದೊಳಗೆ ಪೂರ್ತಿ ಪಾವತಿಸದಿದ್ದರೆ ತಗೊಂಡ ಕ್ರೆಡಿಟ್ ವಾಪಸ್ ಕಟ್ಟಬೇಕು.

'ಕ್ಲೈಂಟ್ ಕೊಟ್ಟಾಗ ಕೊಡುತ್ತೇವೆ' ಅನ್ನುವ ಷರತ್ತಿನ ಬಗ್ಗೆ ಎಚ್ಚರ. ಎದುರಿನವರು ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ಪೋರ್ಟಲ್) ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾದರೆ, 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆ ಪ್ರಕಾರ ಬರಹದ ಕರಾರಿದ್ದರೂ 45 ದಿನ ದಾಟುವಂತಿಲ್ಲ. ಕರಾರೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಹೀಗೆ ತಡವಾದ ಬಿಲ್ಲಿನ ಖರ್ಚನ್ನು ಆದಾಯ ತೆರಿಗೆಯಲ್ಲಿ ಪಾವತಿಸಿದ ವರ್ಷವಷ್ಟೇ ತೋರಿಸಬಹುದು.

ಕರಡುಪ್ರತಿ

ಒಂದು ತಿದ್ದುಪಡಿ ಅಲ್ಲ, ಸೇರ್ಪಡೆ: ಸಾಮಾನು ಮತ್ತು ಕೂಲಿ ಬೆರೆತ ಕಾಮಗಾರಿ ಗುತ್ತಿಗೆಗೆ ಎಂಎಸ್‌ಎಂಇಡಿ ಕಾಯ್ದೆ ಅನ್ವಯವೋ ಅಲ್ಲವೋ ಎಂಬುದರಲ್ಲಿ ತೀರ್ಪುಗಳು ಒಂದೇ ದಾರಿಯಲ್ಲಿಲ್ಲ. ಸಣ್ಣ ಸಂಸ್ಥೆ ಆ ವಾದದ ಮೇಲೆ ಜೂಜಾಡುವುದು ಬೇಡ. 45 ದಿನದೊಳಗಿನ ದಿನಾಂಕವನ್ನೇ ಬರೆಯಿರಿ.

ಪಗಾರಪಟ್ಟಿ

ಲೆಕ್ಕದಪುಸ್ತಕ ಅವರ ಪಟ್ಟಿಗೆ ಮೇಸ್ತ್ರಿಯ ಬಿಲ್‌ಗೆ ಇನ್ನೊಂದು ಬೀಗ ಹಾಕಿ: ಹಿಂದಿನ ತಿಂಗಳ ಪಿಎಫ್ ಇಸಿಆರ್ (ನೌಕರರ ಹೆಸರುವಾರು ಮಾಸಿಕ ರಿಟರ್ನ್) ಮತ್ತು ಇಎಸ್‌ಐ ಪಾವತಿ, ಕೂಲಿಯನ್ನು ಬ್ಯಾಂಕಿಗೆ ಹಾಕಿದ ದಾಖಲೆ. ಚಲನ್ ಮಾತ್ರ ತಗೊಳ್ಳಬೇಡಿ, ಚಲನ್‌ನಲ್ಲಿ ಒಟ್ಟು ಮೊತ್ತ ಇರುತ್ತದೆ ಅಷ್ಟೇ. ಇಸಿಆರ್‌ನಲ್ಲಿ ಯುಎಎನ್ (ನೌಕರನ ಪಿಎಫ್ ಸಂಖ್ಯೆ) ಸಮೇತ ಹೆಸರುಗಳಿರುತ್ತವೆ, ಅವನ್ನು ಸೈಟಿನ ಹಾಜರಿ ಪುಸ್ತಕದ ಹೆಸರುಗಳ ಜೊತೆ ತಾಳೆ ನೋಡಿ. ಬೇರೆ ಸೈಟಿನವರ ಚಲನ್ ತಂದು ತೋರಿಸುವುದು ಈ ಲೋಕದ ಹಳೆಯ ಆಟ.

ಪಿಕ್ಸೆಲ್‌ಕೂಲಿ

ಫ್ರೀಲಾನ್ಸರ್ ಕಡೆಯಿಂದ ಬರೆಯುತ್ತಿದ್ದೇನೆ. ನಮ್ಮ ಕ್ಲೈಂಟ್‌ಗಳಲ್ಲಿ ಬಹಳ ಜನ 'ದುಡ್ಡು ಕೊಟ್ಟಿದ್ದೇವೆ, ಡ್ರಾಯಿಂಗ್ ನಮ್ಮದು' ಅಂದುಕೊಂಡಿರುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆ ಹಾಗೆ ಹೇಳುವುದಿಲ್ಲ. ಪಗಾರದ ಡಿಸೈನರ್ ಕೆಲಸದ ಭಾಗವಾಗಿ ಮಾಡಿದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕನದು. ಹೊರಗಿನ ಫ್ರೀಲಾನ್ಸರ್ ಮಾಡಿದ ವಿನ್ಯಾಸ ಸಾಮಾನ್ಯವಾಗಿ ಫ್ರೀಲಾನ್ಸರ್‌ದೇ, ಬರಹದಲ್ಲಿ ಸಹಿ ಹಾಕಿ ವರ್ಗಾಯಿಸುವವರೆಗೆ. ವಾಟ್ಸ್‌ಆಪ್‌ನಲ್ಲಿ 'ಓಕೆ ಸರ್' ಅಂದದ್ದನ್ನು ಆ ಸಹಿಯ ಬದಲಿಗೆ ನೆಚ್ಚಿಕೊಳ್ಳಬೇಡಿ.

ವರ್ಗಾವಣೆ ಬರೆಯುವವರು ಆ ಕಾಯ್ದೆಯ 19ನೇ ಕಲಂ ಪಕ್ಕದಲ್ಲಿ ಇಟ್ಟುಕೊಂಡು ಬರೆಯಬೇಕು. ಯಾವ ಕೃತಿ, ಯಾವ ಹಕ್ಕುಗಳು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಹಣ: ಎಲ್ಲ ಇರಬೇಕು. ಕಾಲ ಬರೆಯದಿದ್ದರೆ ಐದು ವರ್ಷ ಅಂತ ಅರ್ಥ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ವರ್ಗಾಯಿಸಿಕೊಂಡ ಹಕ್ಕನ್ನು ಒಂದು ವರ್ಷ ಬಳಸದೆ ಇದ್ದರೆ, ಕರಾರಿನಲ್ಲಿ ಬೇರೆ ರೀತಿ ಹೇಳದ ಹೊರತು, ಹಕ್ಕು ಬಿದ್ದುಹೋಗುತ್ತದೆ. ಕೈಬಿಟ್ಟ ಪ್ರಾಜೆಕ್ಟ್‌ನ ಡಿಸೈನನ್ನು ಎರಡು ವರ್ಷದ ಮೇಲೆ ಬಳಸುವವರಿಗೆ ಇದು ನಾಟುತ್ತದೆ.

ನಮ್ಮ ಕಡೆಯ ನ್ಯಾಯವೂ ಇದೆ. 'ಪೂರ್ತಿ ಹಣ ಸಂದಾಯವಾದ ದಿನ ಹಕ್ಕು ವರ್ಗಾವಣೆ' ಅಂತ ಬರೆಯಿರಿ, ಯಾವ ಒಳ್ಳೆಯ ಫ್ರೀಲಾನ್ಸರ್ರೂ ತಕರಾರು ಮಾಡುವುದಿಲ್ಲ. ಎಷ್ಟು ಸುತ್ತಿನ ತಿದ್ದುಪಡಿ ಸೇರಿದೆ, ಅದರ ಮೇಲಿನದಕ್ಕೆ ಎಷ್ಟು ಅಂತಲೂ ಇರಲಿ. ರೆಂಡರ್ ಚಿತ್ರದ ಜೊತೆ ಮೂಲ ಫೈಲ್ ಬೇಕಾದರೆ ಮೊದಲೇ ಹೇಳಿ: ಯಾವ ಸಾಫ್ಟ್‌ವೇರ್, ಯಾವ ಆವೃತ್ತಿ, ಟೆಕ್ಸ್ಚರ್ ಫೈಲ್‌ಗಳ ಸಮೇತ. ನಾವು ಖರೀದಿಸಿದ 3ಡಿ ಮಾಡೆಲ್ ಲೈಬ್ರರಿಯ ಲೈಸೆನ್ಸ್ ನಮ್ಮ ಹೆಸರಿನಲ್ಲಿರುತ್ತದೆ, ಅದನ್ನು ನಿಮಗೆ ವರ್ಗಾಯಿಸಲು ನಮಗೂ ಬರುವುದಿಲ್ಲ.

ಲೆಕ್ಕದಪುಸ್ತಕ

ಇಲ್ಲಿ ಟಿಡಿಎಸ್ ಬೇರೆ. ಇಂಟೀರಿಯರ್ ಡೆಕೊರೇಷನ್ ವೃತ್ತಿಪರ ಸೇವೆಗಳ ಪಟ್ಟಿಯಲ್ಲಿದೆ. ವರ್ಷಕ್ಕೆ 50,000 ದಾಟಿದರೆ ಶೇ 10. ಕಂಟ್ರಾಕ್ಟ್ ಅಂತ ಶೇ 1 ಹಿಡಿದರೆ ಕೊರತೆ ನಿಮ್ಮ ತಲೆಗೆ.

ಶೆಡ್‌ಮಾಲೀಕ

ನನಗೆ ನಿಜವಾದ ಭಯ ಇರುವುದು ಸೂಪರ್‌ವೈಸರ್ ಮತ್ತು ಮೇಸ್ತ್ರಿ ಸೇರಿ ಕ್ಲೈಂಟ್‌ಗಳನ್ನು ನೇರವಾಗಿ ಹಿಡಿದುಕೊಳ್ಳುವುದು. ಧಂದೆ ಮಾಡಬೇಡ ಅನ್ನುವ ಷರತ್ತು ನಡೆಯದಿದ್ದರೆ ಇದನ್ನು ತಡೆಯುವುದು ಹೇಗೆ?

ಕರಡುಪ್ರತಿ

ಧಂದೆ ತಡೆಯಲು ಆಗದು, ನಿಮ್ಮ ಮಾಹಿತಿ ಬಳಸುವುದನ್ನು ತಡೆಯಬಹುದು. ಗೋಪ್ಯತೆಯ ಷರತ್ತು ಕೆಲಸ ಬಿಟ್ಟ ಮೇಲೂ ನಿಲ್ಲುತ್ತದೆ. ಆದರೆ 'ಸಂಸ್ಥೆಯ ಎಲ್ಲ ಮಾಹಿತಿ ಗೋಪ್ಯ' ಅಂತ ಬರೆದರೆ ಯಾವುದೂ ಗೋಪ್ಯವಲ್ಲ ಅಂದಂತೆಯೇ. ಹೆಸರಿಸಿ: ಕ್ಲೈಂಟ್ ಪಟ್ಟಿ ಮತ್ತು ಫೋನ್ ನಂಬರ್, ಕೊಟೇಷನ್ ಶೀಟ್, ವೆಂಡರ್ ರಿಯಾಯಿತಿ ದರ, ಇನ್ನೂ ಸಹಿಯಾಗದ ಎನ್‌ಕ್ವೈರಿಗಳು, ಡ್ರಾಯಿಂಗ್ ಮೂಲ ಫೈಲ್. ಆ ಫೈಲ್‌ಗಳಿಗೆ ಪಾಸ್‌ವರ್ಡ್ ಇರಲಿ, ಯಾರು ತೆರೆಯಬಹುದು ಅನ್ನುವ ಮಿತಿ ಇರಲಿ. ಎಲ್ಲರ ಮೊಬೈಲ್‌ನಲ್ಲೂ ಓಡಾಡುವ ದರಪಟ್ಟಿಯನ್ನು ಗುಟ್ಟು ಅಂತ ಕೋರ್ಟ್ ನಂಬುವುದಿಲ್ಲ.

'ನಮ್ಮ ಕ್ಲೈಂಟ್‌ಗಳನ್ನು 12 ತಿಂಗಳು ಸೆಳೆಯಬಾರದು' ಅನ್ನುವ ಷರತ್ತನ್ನು, ಅವನು ಸ್ವತಃ ಕೆಲಸ ಮಾಡಿದ ಕ್ಲೈಂಟ್‌ಗಳ ಹೆಸರು ಅನುಬಂಧದಲ್ಲಿ ಹಾಕಿ, ಚಿಕ್ಕದಾಗಿ ಬರೆಯಬಹುದು. ನಿಂತೇ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, 27ನೇ ಕಲಂ ಅದರ ಮೇಲೂ ಕಣ್ಣಿಟ್ಟಿರುತ್ತದೆ. ಅದಕ್ಕಿಂತ ಗಟ್ಟಿ ಜಾಗ ಕ್ಲೈಂಟ್ ಜೊತೆಗಿನ ನಿಮ್ಮ ಕರಾರು: ಕೆಲಸ ನಡೆಯುತ್ತಿರುವಾಗ ನಿಮ್ಮ ನೌಕರ ಅಥವಾ ಸಬ್ ಕಂಟ್ರಾಕ್ಟರ್‌ಗೆ ನೇರ ಕೆಲಸ ಕೊಟ್ಟರೆ ಆ ಭಾಗಕ್ಕೆ ನಿಮ್ಮ ವಾರಂಟಿ ಇಲ್ಲ, ನಿಗದಿತ ಮೇಲ್ವಿಚಾರಣಾ ಶುಲ್ಕ ನಿಮಗೆ ಸಲ್ಲಬೇಕು.

ಪಗಾರಪಟ್ಟಿ

ಕಾಗದಕ್ಕಿಂತ ಸಿಮ್ ಕಾರ್ಡ್ ಹೆಚ್ಚು ಕಾಯುತ್ತದೆ. ಸೂಪರ್‌ವೈಸರ್‌ಗೆ ಸಂಸ್ಥೆಯ ಹೆಸರಿನ ಸಿಮ್ ಕೊಡಿ, ಕ್ಲೈಂಟ್ ಉಳಿಸಿಕೊಳ್ಳುವ ನಂಬರ್ ಅದೇ ಆಗಿರಲಿ. ಸೈಟಿನ ವಾಟ್ಸ್‌ಆಪ್ ಗುಂಪು ಮಾಡುವುದು ಕಚೇರಿ ನಂಬರ್‌ನಿಂದ. ಡ್ರೈವ್‌ನ ಫೋಲ್ಡರ್ ಮಾಲೀಕತ್ವ, ಇನ್‌ಸ್ಟಾಗ್ರಾಂ ಪುಟ, ವೆಬ್‌ಸೈಟ್ ಡೊಮೇನ್ ಎಲ್ಲ ಸಂಸ್ಥೆಯ ಇಮೇಲ್‌ನಲ್ಲಿ. ನೇಮಕಾತಿ ಪತ್ರಕ್ಕೆ ಕೊಟ್ಟ ವಸ್ತುಗಳ ಪಟ್ಟಿ ಅಂಟಿಸಿ: ಲ್ಯಾಪ್‌ಟಾಪ್ ಸೀರಿಯಲ್ ನಂಬರ್, ಸಿಮ್, ಲೇಸರ್ ಮೀಟರ್, ಸೈಟ್ ಕೀಲಿ.

ಬಿಡುವಾಗಿನ ಲೆಕ್ಕದಲ್ಲಿ ಈಗ ಸಮಯವಿಲ್ಲ, ನೆನಪಿರಲಿ. ಆ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಒಂದಾದ ವೇತನ ಸಂಹಿತೆ ಪ್ರಕಾರ ರಾಜೀನಾಮೆಯಾಗಲಿ, ವಜಾ ಆಗಲಿ, ಬಾಕಿ ವೇತನ ಎರಡು ಕೆಲಸದ ದಿನದೊಳಗೆ. 'ಫುಲ್ ಅಂಡ್ ಫೈನಲ್ 45 ದಿನಕ್ಕೆ' ಅಂತ ಹಳೆಯ ನಮೂನೆಗಳಲ್ಲಿ ಇರುವ ಸಾಲನ್ನು ಹೊಡೆದು ಹಾಕಿ. ಅಂದರೆ ವಸ್ತು ಹಸ್ತಾಂತರ, ಪಾಸ್‌ವರ್ಡ್ ಬದಲಾವಣೆ, ಬಾಕಿ ಸೈಟ್‌ಗಳ ಟಿಪ್ಪಣಿ ಎಲ್ಲ ನೋಟಿಸ್ ಅವಧಿಯೊಳಗೇ ಮುಗಿಯಬೇಕು.

ಹಾನಿಗೆ ಸಂಬಳದಿಂದ ಹಿಡಿಯುವುದಾದರೆ ಅದು ಅವನ ಸುಪರ್ದಿಗೆ ಕೊಟ್ಟ ವಸ್ತು ಆಗಿರಬೇಕು, ಹಾನಿ ಅವನ ನಿರ್ಲಕ್ಷ್ಯದಿಂದಲೇ ಆಗಿರಬೇಕು, ವಿವರಣೆ ಕೇಳಿರಬೇಕು. ಎಲ್ಲ ಕಡಿತ ಸೇರಿ ವೇತನದ ಅರ್ಧ ದಾಟಬಾರದು.

ಶೆಡ್‌ಮಾಲೀಕ

ತರಬೇತಿ ಬಾಂಡ್? ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯುವ) ಮಷೀನ್ ಕಲಿಸಿದ ಮೇಲೆ ಹೊರಟುಬಿಡುತ್ತಾರೆ.

ಕರಡುಪ್ರತಿ

ಸಾಧ್ಯ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷ ಸೇವೆ ಅಥವಾ 2 ಲಕ್ಷ ರೂ. ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ ಒಪ್ಪಿತು. ಕೆಲಸದ ಅವಧಿಯೊಳಗಿನ ನಿರ್ಬಂಧ ಅದು, 27ನೇ ಕಲಂಗೆ ತಾಕುವುದಿಲ್ಲ ಎಂದಿತು. ಆದರೆ ಅಲ್ಲಿದ್ದದ್ದು ಸಾರ್ವಜನಿಕ ವಲಯದ ಬ್ಯಾಂಕು, ಬಹಿರಂಗ ನೇಮಕಾತಿಯ ಖರ್ಚು, ಹಿರಿಯ ಹುದ್ದೆ. ಶೆಡ್ಡಿನ ಆಪರೇಟರ್‌ಗೆ ಅದೇ ಅಂಕಿ ನಕಲು ಮಾಡಬೇಡಿ. ತರಬೇತಿಗೆ ಹೊರಗಿನವರಿಗೆ ಕೊಟ್ಟ ಶುಲ್ಕದ ರಸೀದಿ ಇಟ್ಟುಕೊಳ್ಳಿ, ಆ ಮೊತ್ತವನ್ನು ತಿಂಗಳುಗಳಿಗೆ ಹಂಚಿ: 24,000 ಖರ್ಚು, 12 ತಿಂಗಳ ಬಾಂಡ್, ಒಂದೊಂದು ತಿಂಗಳಿಗೆ 2,000 ಇಳಿಯುತ್ತದೆ, ಏಳು ತಿಂಗಳು ಮುಗಿಸಿ ಹೋದರೆ ಬಾಕಿ 10,000. ಇಂಥ ಲೆಕ್ಕ ಎದುರಿಗಿಟ್ಟರೆ ನಷ್ಟ ಏನು ಅಂತ ಕೇಳಿದಾಗ ಉತ್ತರ ಸಿದ್ಧವಿರುತ್ತದೆ.

ಸೈಟ್‌ಬಿಲ್

ಅರ್ಧದಲ್ಲಿ ಕೆಲಸ ಬಿಟ್ಟುಹೋಗುವ ಸಬ್ ಕಂಟ್ರಾಕ್ಟರ್ ಬಗ್ಗೆ ಯಾರೂ ಬರೆದಿಲ್ಲ. ಕರಾರಿನಲ್ಲಿ ಕ್ರಮ ಹೀಗಿರಲಿ: ಲಿಖಿತ ನೋಟಿಸ್, ಸರಿಪಡಿಸಲು 7 ದಿನ, ಆಗದಿದ್ದರೆ ಜಂಟಿ ಅಳತೆಗೆ ದಿನ ಮತ್ತು ಗಂಟೆ ಹೇಳಿದ ಎರಡನೇ ನೋಟಿಸ್, ಬರದಿದ್ದರೆ ಇಬ್ಬರು ಸಾಕ್ಷಿಗಳ ಎದುರು ಅಳತೆ ಮತ್ತು ವಿಡಿಯೊ, ಆಮೇಲೆ ಬೇರೆಯವರಿಂದ ಮಾಡಿಸಿ ಹೆಚ್ಚಿನ ಖರ್ಚು ಇವರ ಲೆಕ್ಕಕ್ಕೆ. ಜಂಟಿ ಅಳತೆ ಮಾಡದೆ ಹೊಸ ತಂಡವನ್ನು ಒಳಗೆ ಬಿಟ್ಟರೆ ಯಾರು ಎಷ್ಟು ಮಾಡಿದರು ಅಂತ ಬ್ರಹ್ಮನಿಗೂ ಹೇಳಲಾಗದು. ಹೊಸಬರ ದರ ಮಾರುಕಟ್ಟೆ ದರ ಅಂತ ತೋರಿಸಲು ಎರಡು ಕೊಟೇಷನ್ ಇಟ್ಟುಕೊಳ್ಳಿ.

ಕರಡುಪ್ರತಿ

ವ್ಯಾಜ್ಯದ ಕಲಂ ಬಗ್ಗೆಯೂ ಹೇಳಿಬಿಡುತ್ತೇನೆ. 'ಮಾಲೀಕರು ನೇಮಿಸಿದ ಮಧ್ಯಸ್ಥಗಾರ' ಅಂತ ಬರೆದ ನಮೂನೆ ಸಿಕ್ಕರೆ ಬಿಸಾಡಿ. ಒಂದೇ ಪಕ್ಷ ತಾನೇ ಏಕೈಕ ಮಧ್ಯಸ್ಥಗಾರನನ್ನು (ಕೋರ್ಟಿನ ಹೊರಗೆ ತೀರ್ಪು ಕೊಡುವವನು) ಆರಿಸುವುದು 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪಿನ ಮೇಲೆ ನಡೆಯುವುದಿಲ್ಲ. ಒಂದೆರಡು ಲಕ್ಷದ ಬಿಲ್ಲಿಗೆ ಮಧ್ಯಸ್ಥಿಕೆಯ ಖರ್ಚೇ ಭಾರ. ಯಾವ ಊರಿನ ಕೋರ್ಟ್ ಅಂತ ಬರೆದು ಸುಮ್ಮನಿರುವುದು ಮೇಲು. ಹಣ ವಸೂಲಿ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ.

ಸ್ಟ್ಯಾಂಪ್ ಮರೆಯಬೇಡಿ. ಸಹಿಗೆ ಮೊದಲು ಅಥವಾ ಸಹಿಯ ದಿನವೇ, ಕರಾರಿನ ಪಕ್ಷಗಳ ಹೆಸರಿನಲ್ಲೇ ಇ-ಸ್ಟ್ಯಾಂಪ್ ತೆಗೆಸಿ. ಕಡಿಮೆ ಸ್ಟ್ಯಾಂಪಿನ ಕರಾರನ್ನು ಕರ್ನಾಟಕದಲ್ಲಿ ಕೋರ್ಟ್ ಸಾಕ್ಷ್ಯಕ್ಕೆ ತಗೊಳ್ಳಬೇಕಾದರೆ ಕೊರತೆಯ ಜೊತೆಗೆ ಅದರ ಹತ್ತು ಪಟ್ಟು ದಂಡ. ನೋಟರಿ ಮುದ್ರೆ ಸ್ಟ್ಯಾಂಪಿನ ಕೊರತೆಯನ್ನು ತುಂಬುವುದಿಲ್ಲ. ಪ್ರತಿ ಪುಟಕ್ಕೂ, ಅನುಬಂಧಗಳಿಗೂ ಸಹಿ. ಈಗಾಗಲೇ ಕೆಲಸದಲ್ಲಿ ಇರುವವರಿಗೆ ಹಿಂದಿನ ತಾರೀಕು ಹಾಕಬೇಡಿ. ಸಂಬಳ ಹೆಚ್ಚಳದ ಪತ್ರದ ಜೊತೆ, ಇವತ್ತಿನ ತಾರೀಕಿನಲ್ಲಿ, ಸೇರಿದ ದಿನಾಂಕವನ್ನು ಒಳಗೆ ನಮೂದಿಸಿ ಕೊಡಿ.

ಶೆಡ್‌ಮಾಲೀಕ

ಮೇಸ್ತ್ರಿಗೆ ಹಿಂದಿ ಮಾತಾಡಲು ಬರುತ್ತದೆ, ಓದಲು ಅಷ್ಟಕ್ಕಷ್ಟೆ. ಕರಾರು ಯಾವ ಭಾಷೆಯಲ್ಲಿರಬೇಕು?

ಕರಡುಪ್ರತಿ

ಯಾವ ಭಾಷೆಯಾದರೂ ಆಗುತ್ತದೆ, ಅವನಿಗೆ ಅರ್ಥವಾಗಿತ್ತು ಎಂದು ತೋರಿಸಲು ಬರಬೇಕು. ಕನ್ನಡದಲ್ಲಿ ಮಾಡಿಸಿ, ಹಿಂದಿ ಬಲ್ಲ ಮೂರನೆಯವರಿಂದ ಓದಿಸಿ ಹೇಳಿಸಿ. ಆ ಮೂರನೆಯವರು ನಿಮ್ಮ ಪಗಾರದವರಾಗಿರದಿದ್ದರೆ ಒಳ್ಳೆಯದು. ಕೊನೆಯ ಪುಟದಲ್ಲಿ 'ಈ ಕರಾರಿನ ಎಲ್ಲ ಷರತ್ತುಗಳನ್ನು ನಾನು ಇವರಿಗೆ ಹಿಂದಿಯಲ್ಲಿ ಓದಿ ವಿವರಿಸಿದ್ದೇನೆ, ಅರ್ಥವಾಗಿದೆ ಎಂದು ಒಪ್ಪಿ ನನ್ನ ಎದುರು ಸಹಿ ಮಾಡಿದ್ದಾರೆ' ಅಂತ ಬರೆದು ಅವರ ಸಹಿ, ಹೆಸರು, ವಿಳಾಸ. ದರಪಟ್ಟಿಯನ್ನು ಮಾತ್ರ ಎರಡೂ ಭಾಷೆಯಲ್ಲಿ, ಅಂಕಿಗಳ ಸಮೇತ ಹಾಕಿ, ಯಾವ ಪ್ರತಿ ಅಂತಿಮ ಅಂತ ಒಂದು ಸಾಲು ಸೇರಿಸಿ. ಸಹಿಯಾದ ಒಂದು ಪ್ರತಿ ಅವನ ಕೈಗೆ ಕೊಟ್ಟು, ತಲುಪಿದ್ದಕ್ಕೆ ಸಹಿ ತಗೊಳ್ಳಿ.